ಬೊಚ್ಚುಬಾಯಿ ನಮ್ಮ ಹಣೆಬರಹ ಅಲ್ಲ



ಇದು ಉದ್ದದ ಬರಹ. ಹಲ್ಲಿನ ಬಗ್ಗೆ. ನಗಬೇಡಿ, ಪೂರ್ತಿ ಓದಿ.

ಏಪ್ರಿಲ್ 14ರ ಜಯಂತಿಯ ಒಂದು ಫೋಟೋ ಹಾಕಿದ್ದೆ. ಜಯನಗರ, ಬನಶಂಕರಿ ಕಡೆ ರಸ್ತೆ ಗುಡಿಸುವ ನಮ್ಮ ಹನ್ನೊಂದು ಜನ ಅಕ್ಕಂದಿರು ಬಾಬಾಸಾಹೇಬರ ಭಾವಚಿತ್ರದ ಮುಂದೆ ಸಾಲಾಗಿ ನಿಂತಿದ್ದಾರೆ. ಹೆಗಲ ಮೇಲೆ ನೀಲಿ ಶಾಲು, ಕೈಯಲ್ಲಿ ಬೂಂದಿ ಪೊಟ್ಟಣ. ಅದರ ಕೆಳಗೆ ಒಬ್ಬ ಗೆಳೆಯರು ಬರೆದರು. ಅವರು ಹಲ್ಲಿನ ಡಾಕ್ಟರು, ಪ್ರಗತಿಪರರು, ನಮ್ಮ ಸಭೆಗಳಿಗೂ ಬರ್ತಾರೆ. "ಎಲ್ರೂ ಯಾಕೆ ಬಾಯಿ ಮುಚ್ಕೊಂಡು ನಿಂತಿದ್ದಾರೆ? ಸ್ವಲ್ಪ ನಗಿಸಬೇಕಿತ್ತು."

ಮತ್ತೆ ಫೋಟೋ ತೆಗೆದು ನೋಡಿದೆ. ಹೌದು. ಹನ್ನೊಂದರಲ್ಲಿ ಎಂಟು ಜನ ಸೆರಗನ್ನೋ ಕೈಯನ್ನೋ ಬಾಯಿಗೆ ಅಡ್ಡ ಹಿಡಿದಿದ್ದಾರೆ. ಅದರಲ್ಲಿ ಒಬ್ಬಳು ನಮ್ಮವ್ವ.

"ನಾಚಿಕೆ ಅಲ್ಲ ಡಾಕ್ಟ್ರೇ, ಹಲ್ಲಿಲ್ಲ" ಅಂತ ಉತ್ತರ ಕೊಟ್ಟೆ. ಅದಕ್ಕೆ ಅವರು ಬರೆದದ್ದು ಇದು: "ಮೊದಲು ಕಡ್ಡಿಪುಡಿ ಬಿಡಿಸಿ, ಬ್ರಷ್ ಹಿಡಿಸಿ. ಇಲ್ಲದ ಹಲ್ಲಿಗೆ ಸರ್ಕಾರ ಫ್ರೀ ಸೆಟ್ ಕೊಡುತ್ತೆ. ಹೋಗಿ ತಗೊಳ್ಳೋಕೆ ಏನು ಕಷ್ಟ?"

ಇದರಲ್ಲಿ ಎರಡು ಮಾತಿವೆ. ಒಂದು, ಹಲ್ಲು ಹೋಗಿದ್ದು ನಮ್ಮ ತಪ್ಪಿನಿಂದ. ಎರಡು, ಹೋದ ಹಲ್ಲಿಗೆ ಫ್ರೀ ಸೆಟ್ ಸಾಕು. ಎರಡಕ್ಕೂ ಉತ್ತರ ಹೇಳ್ತೀನಿ. ಆ ಡಾಕ್ಟರ ಮೇಲೆ ಸಿಟ್ಟಿಲ್ಲ. ಈ ಮಾತು ಅವರೊಬ್ಬರದ್ದಲ್ಲ, ಇಡೀ ಊರಿನದ್ದು.

*

ನಮ್ಮವ್ವ ಪಾವಗಡ ತಾಲೂಕಿನ ಒಂದು ಹಟ್ಟಿಯಲ್ಲಿ ಹುಟ್ಟಿದವಳು. ಪಾವಗಡ ಅಂದ್ರೆ ಫ್ಲೋರೈಡ್ ನೀರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ಸರ್ಕಾರದ್ದೇ ಮಾನದಂಡ ಇದೆ. ಊರೊಳಗಿನ ಬಾವಿ ನಮ್ಮವರಿಗಿರಲಿಲ್ಲ. ಹಟ್ಟಿಗೆ ಇದ್ದದ್ದು ಒಂದು ಬೋರ್‌ವೆಲ್. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಆ ನೀರು ಕುಡಿದರೆ ಹಲ್ಲು ಹೊರಗೆ ಬರುವಾಗಲೇ ಕಂದು ಪಟ್ಟೆ, ಸಣ್ಣ ಸಣ್ಣ ಗುಳಿ. ಜಾಸ್ತಿಯಾದರೆ ಮೇಲಿನ ಗಟ್ಟಿ ಪದರವೇ ಚೂರು ಚೂರಾಗಿ ಉದುರುತ್ತೆ. ಎಷ್ಟು ಉಜ್ಜಿದರೂ ಹೋಗದ ಕಲೆ ಅದು. 1927ರಲ್ಲಿ ಮಹಾಡ್‌ನ ಕೆರೆಗೆ ಬಾಬಾಸಾಹೇಬರು ಯಾಕೆ ಇಳಿದರು ಅಂತ ನಮ್ಮ ಮಕ್ಕಳಿಗೆ ಪಾಠ ಹೇಳ್ತೀವಲ್ಲ. ಯಾರು ಯಾವ ನೀರು ಕುಡಿಯಬೇಕು ಅನ್ನೋದು ಅವ್ವನ ಹಲ್ಲಿನ ಮೇಲೆ ಬರೆದಿತ್ತು.

ಆಮೇಲೆ ಬೆಂಗಳೂರು. ಇಪ್ಪತ್ನಾಲ್ಕು ವರ್ಷ ಗುತ್ತಿಗೆಯಲ್ಲಿ ಜಯನಗರದ ಬೀದಿ ಗುಡಿಸಿದಳು. ಬೆಳಗಿನ ಜಾವ ಎದ್ದು ಹೊರಟರೆ ಬಾಯಿಗೆ ಅನ್ನ ಬೀಳ್ತಿದ್ದದ್ದು ಮಧ್ಯಾಹ್ನದ ಮೇಲೆ. ಸತ್ತ ನಾಯಿ, ಮಕ್ಕಳ ಡಯಾಪರ್, ಕೊಳೆತ ಊಟ, ಎಲ್ಲಾ ಬರಿಗೈಯಲ್ಲಿ. "ಮೂಗು ಸಾಯ್ಬೇಕು ಅಂದ್ರೆ ಬಾಯಲ್ಲಿ ಏನಾದ್ರೂ ಉರೀತಿರ್ಬೇಕು ಕಣಪ್ಪ" ಅಂತಿದ್ದಳು. ಉರಿಯೋಕೆ ಕಡ್ಡಿಪುಡಿ. ಹಸಿವೂ ಸಾಯ್ತಿತ್ತು, ವಾಸನೆಯೂ ಸಾಯ್ತಿತ್ತು. ಕಡ್ಡಿಪುಡಿ ಒಳ್ಳೇದು ಅಂತ ನಾನು ಹೇಳ್ತಿಲ್ಲ. ಅದು ವಸಡು ತಿನ್ನುತ್ತೆ, ಕ್ಯಾನ್ಸರ್ ತರುತ್ತೆ. ಆದರೆ ಬಿಡಿಸಿ ಅಂತ ಉಪದೇಶ ಮಾಡುವವರು ಅದು ಯಾಕೆ ಬಾಯಿಗೆ ಬಂತು ಅಂತಲೂ ಕೇಳಬೇಕು.

ಇಷ್ಟಾದರೂ ಅವ್ವನ ಹೆಚ್ಚಿನ ಹಲ್ಲು ಫ್ಲೋರೈಡಿಂದಲೋ ಕಡ್ಡಿಪುಡಿಯಿಂದಲೋ ನೇರವಾಗಿ ಹೋಗಲಿಲ್ಲ. ಕೀಳಿಸಿದ್ದರಿಂದ ಹೋದವು.

ಹುಳುಕು ಹಲ್ಲು ನೋವು ಕೊಟ್ಟಾಗ ಎರಡು ದಾರಿ ಇವೆ. ರೂಟ್ ಕೆನಾಲ್ ಮಾಡಿಸಿ ಮೇಲೆ ಕ್ಯಾಪ್ ಹಾಕಿಸಿದರೆ ಹಲ್ಲು ಉಳಿಯುತ್ತೆ. ಅದಕ್ಕೆ ಮೂರ್ನಾಲ್ಕು ಸಲ ಹೋಗಬೇಕು, ಒಂದು ತಿಂಗಳ ಸಂಬಳದಷ್ಟು ದುಡ್ಡು ಬೇಕು. ಕೀಳಿಸಿದರೆ ಒಂದೇ ದಿನ, ಒಂದು ದಿನದ ಕೂಲಿಯಷ್ಟು ಖರ್ಚು. ಮಾರನೇ ದಿನ ಪೊರಕೆ ಹಿಡಿಯಬಹುದು. ನಮ್ಮ ಕೇರಿಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗೋದಕ್ಕೆ "ಹಲ್ಲು ತೋರಿಸೋದು" ಅನ್ನಲ್ಲ, "ಹಲ್ಲು ಕೀಳಿಸೋದು" ಅಂತಲೇ ಹೆಸರು. ಅವ್ವನ ಬಾಯಿಯ ಲೆಕ್ಕ ಇದು: ಕೀಳಿಸಿದ್ದು ಹದಿನೇಳು, ತಾವೇ ಅಲುಗಾಡಿ ಬಿದ್ದದ್ದು ಒಂಬತ್ತು. ಉಳಿದ ಎರಡರ ಕತೆ ಮುಂದೆ ಹೇಳ್ತೀನಿ.

*

ಈಗ ಎರಡನೇ ಮಾತು. ಹೋದ ಹಲ್ಲಿಗೆ ಏನೇನು ಸಿಗುತ್ತೆ?

ಜಯನಗರ, ಜೆ.ಪಿ. ನಗರ, ಬಿಟಿಎಂನಲ್ಲಿ ಯಾವ ಕ್ರಾಸಿಗೆ ಹೋದರೂ ಒಂದು ದಂತ ಚಿಕಿತ್ಸಾಲಯದ ಬೋರ್ಡ್ ಕಾಣುತ್ತೆ. ಗಾಜಿನ ಬಾಗಿಲು, ಒಳಗೆ ಎಸಿ, ಹೊರಗೆ ಬಿಳಿ ಹಲ್ಲಿನ ಮುಖಗಳು. ಆ ಬಾಗಿಲ ಮುಂದಿನ ಕಸ ತೆಗೆದವಳು ನಮ್ಮವ್ವ. ಮೂರು ವರ್ಷದ ಹಿಂದೆ ಮೊದಲ ಸಲ ಅವಳನ್ನು ಅಂಥದ್ದೊಂದು ಬಾಗಿಲ ಒಳಗೆ ಕರ್ಕೊಂಡು ಹೋದೆ. ಚಪ್ಪಲಿ ಬಿಟ್ಟು ಒಳಗೆ ಬರೋದೋ ಹಾಕ್ಕೊಂಡು ಬರೋದೋ ಅಂತ ಬಾಗಿಲಲ್ಲೇ ನಿಂತುಬಿಟ್ಟಳು. ಅಲ್ಲಿ ರೇಟಿನ ಹಾಳೆ ಕೊಟ್ಟರು. ಅದನ್ನು ಓದಿದಾಗ ನನಗೆ ನೆನಪಾಗಿದ್ದು ಬಾಬಾಸಾಹೇಬರು ಹೇಳಿದ ಶ್ರೇಣೀಕೃತ ಅಸಮಾನತೆ. ಹಲ್ಲಿನಲ್ಲೂ ಮೆಟ್ಟಿಲಿದೆ. ಕೆಳಗಿಂದ ಹೇಳ್ತೀನಿ, ಉಳಿಸಿಟ್ಟುಕೊಳ್ಳಿ. ನಿಮ್ಮ ಮನೆಯವರನ್ನು ಕರ್ಕೊಂಡು ಹೋಗುವಾಗ ಬೇಕಾಗುತ್ತೆ.

ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ತೆಗೆದು ಹಾಕುವ ಹಲ್ಲು. ಒಂದೆರಡು ಹಲ್ಲಿಲ್ಲದಿದ್ದರೆ ಗುಲಾಬಿ ಬಣ್ಣದ ಅಕ್ರಿಲಿಕ್ ತಟ್ಟೆಯ ಮೇಲೆ ಹಲ್ಲು ಕೂರಿಸಿ ತಂತಿ ಕೊಕ್ಕೆಯಿಂದ ಪಕ್ಕದ ಹಲ್ಲಿಗೆ ಸಿಕ್ಕಿಸ್ತಾರೆ. ಹಲ್ಲು ಪೂರ್ತಿ ಇಲ್ಲದಿದ್ದರೆ ಮೇಲೊಂದು ಕೆಳಗೊಂದು ಫುಲ್ ಸೆಟ್. ರಾತ್ರಿ ತೆಗೆದು ನೀರಲ್ಲಿ ಇಡಬೇಕು. ಅಕ್ರಿಲಿಕ್ ಬಂದದ್ದು 1930ರ ದಶಕದ ಕೊನೆಗೆ. ಅದಕ್ಕೂ ಮುಂಚೆ ಗಟ್ಟಿ ಮಾಡಿದ ರಬ್ಬರಿನ ತಟ್ಟೆ ಇತ್ತು.

ಅದರ ಮೇಲೆ ಲೋಹದ ತಟ್ಟೆ. ಕೋಬಾಲ್ಟ್, ಕ್ರೋಮಿಯಂ ಎರಕದ್ದು. ತೆಳ್ಳಗೆ, ಗಟ್ಟಿ, ಬಾಯಲ್ಲಿ ಕಡಿಮೆ ಜಾಗ ತಿನ್ನುತ್ತೆ. ಇದೇ ಮಟ್ಟದಲ್ಲಿ ಬಾಗುವ ನೈಲಾನ್ ಸೆಟ್ಟೂ ಇದೆ. ತಂತಿ ಕಾಣಲ್ಲ, ಆದರೆ ಮುರಿದರೆ ರಿಪೇರಿ ಕಷ್ಟ.

ಅದರ ಮೇಲೆ ಕ್ಯಾಪ್. ಬೇರು ಗಟ್ಟಿ ಇದ್ದು ಮೇಲಿನ ಭಾಗ ಹಾಳಾಗಿದ್ದರೆ ಮುಚ್ಚೋದಕ್ಕೆ. ಇದರಲ್ಲೇ ಜಾತಿಗಳಿವೆ ನೋಡಿ: ಬರೀ ಲೋಹದ್ದು ಅಗ್ಗ, ಲೋಹದ ಮೇಲೆ ಪಿಂಗಾಣಿ ಹಾಕಿದ್ದು ನಡುವೆ, ಪೂರ್ತಿ ಜಿರ್ಕೋನಿಯಾ ಮೇಲೆ. ಲೋಹದ ಕ್ಯಾಪ್ ಗಟ್ಟಿತನದಲ್ಲಿ ಯಾವುದಕ್ಕೂ ಕಡಿಮೆ ಇಲ್ಲ, ಬಣ್ಣ ಮಾತ್ರ ಬೇರೆ. ಹಿಂದಿನ ದವಡೆಹಲ್ಲಿಗೆ ಅದು ಧಾರಾಳ ಸಾಕು. ಯಾರಾದರೂ ಅಲ್ಲಿಗೂ ಜಿರ್ಕೋನಿಯಾನೇ ಆಗಬೇಕು ಅಂದ್ರೆ ಯಾಕೆ ಅಂತ ಕೇಳಿ.

ಆಮೇಲೆ ಬ್ರಿಜ್. ನಡುವಿನ ಹಲ್ಲು ಹೋಗಿದ್ದರೆ ಎರಡೂ ಪಕ್ಕದ ಹಲ್ಲನ್ನು ತೇಯ್ದು ಅದರ ಮೇಲೆ ಮೂರು ಹಲ್ಲಿನ ಸೇತುವೆ ಅಂಟಿಸ್ತಾರೆ. ತೆಗೆಯೋ ಹಾಗಿಲ್ಲ. ಗಟ್ಟಿ ಕೂರುತ್ತೆ. ಆದರೆ ಒಂದು ಹಲ್ಲಿಗೋಸ್ಕರ ಚೆನ್ನಾಗಿರೋ ಎರಡನ್ನು ತೇಯಬೇಕು, ಅದು ಗೊತ್ತಿರಲಿ.

ಎಲ್ಲಕ್ಕಿಂತ ಮೇಲೆ ಇಂಪ್ಲಾಂಟ್. ದವಡೆ ಮೂಳೆಗೆ ಟೈಟಾನಿಯಂ ತಿರುಪು ಹಾಕಿ, ಮೂಳೆ ಅದನ್ನು ಹಿಡಿದುಕೊಳ್ಳಲಿ ಅಂತ ಕೆಲವು ತಿಂಗಳು ಕಾದು, ಮೇಲೆ ಹಲ್ಲು ಕಟ್ಟೋದು. ಟೈಟಾನಿಯಂ ಜೊತೆ ಮೂಳೆ ಬೆಸೆದುಕೊಳ್ಳುತ್ತೆ ಅಂತ ಕಂಡುಕೊಂಡವರು ಸ್ವೀಡನ್ನಿನ ಬ್ರೋನೆಮಾರ್ಕ್. 1965ರಲ್ಲಿ ಮೊದಲ ಮನುಷ್ಯನಿಗೆ ಹಾಕಿದರು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ, ತಂಬಾಕು ಬಿಡದಿದ್ದರೆ ಕೈಕೊಡುವ ಸಾಧ್ಯತೆ ಜಾಸ್ತಿ. ನಮಗೆ ಅಲ್ಲಿ ಹೇಳಿದ್ದು ಒಂದಕ್ಕೆ 35 ಸಾವಿರ. ಅವ್ವನ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ, ಒಂದು ಹಲ್ಲಿಗೆ.

ಅವ್ವ ಹಾಳೆಯನ್ನು ತಿರುಗಿಸಿ ನೋಡಿದಳು, ಓದೋಕೆ ಬರಲ್ಲ. "ಎಷ್ಟಂತೆ?" ಅಂದಳು. ಹೇಳಿದೆ. "ನಡಿ, ಮುದ್ದೆ ನುಂಗೋಕೆ ಹಲ್ಲು ಯಾಕೆ" ಅಂದಳು.

*

ಆಮೇಲೆ ಒಂದು ಉಚಿತ ಶಿಬಿರಕ್ಕೆ ಹೋದೆವು. ಎಲ್ಲಿ, ಯಾರದ್ದು ಅಂತ ಹೇಳಲ್ಲ, ಅದು ಮುಖ್ಯ ಅಲ್ಲ. ಆಗ ಅವ್ವನ ಬಾಯಲ್ಲಿ ಉಳಿದಿದ್ದದ್ದು ಕೆಳಗಿನ ಎರಡು ಕೋರೆಹಲ್ಲು ಮಾತ್ರ. ಸ್ವಲ್ಪ ಅಲುಗಾಡ್ತಿದ್ದವು, ಬಿದ್ದಿರಲಿಲ್ಲ. ಅಲ್ಲಿ ನೋಡಿದವರು ಹೇಳಿದರು: "ಎರಡು ಹಲ್ಲು ಇಟ್ಕೊಂಡು ಏನು ಮಾಡ್ತೀರಿ, ಅವನ್ನೂ ತೆಗೆಸಿಬಿಡಿ. ಪೂರ್ತಿ ಹೋದ್ರೆ ಫ್ರೀ ಫುಲ್ ಸೆಟ್ ಆಗುತ್ತೆ." ಅವ್ವ ನನ್ನ ಮುಖ ನೋಡಿದಳು. ಸರಿ ಅಂದೆ.

ಸೆಟ್ ಮಾಡಿಸಿದ್ದು ಒಂದು ಡೆಂಟಲ್ ಕಾಲೇಜಿನಲ್ಲಿ. ಕಲಿಯುವ ಹುಡುಗಿ, ಬಹಳ ತಾಳ್ಮೆಯವಳು. ಅವ್ವನನ್ನು 'ಅಮ್ಮಾ' ಅಂತಲೇ ಕರೀತಿದ್ದಳು. ಮೊದಲ ದಿನ ಅವಳು ಗೆಳತಿಗೆ ಖುಷಿಯಿಂದ "ಸಿಡಿ ಪೇಷೆಂಟ್ ಸಿಕ್ಕಿದ್ರು ಕಣೇ" ಅಂದಳು. ಸಿಡಿ ಅಂದ್ರೆ ಫುಲ್ ಸೆಟ್ಟಿಗೆ ಅವರ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳು. ಪರೀಕ್ಷೆಗೆ ಮುಂಚೆ ಇಷ್ಟು ಸೆಟ್ ಮಾಡಿ ತೋರಿಸಬೇಕು ಅಂತ ಅವರಿಗೆ ಲೆಕ್ಕ ಇರುತ್ತೆ. ಅವರ ಕಲಿಕೆಗೆ ಬೇಕಾದ ಬೊಚ್ಚುಬಾಯಿ ಎಲ್ಲಿಂದ ಬರಬೇಕು? ನಮ್ಮ ಕೇರಿಗಳಿಂದಲೇ. ಕಲಿತು ಮುಗಿದ ಮೇಲೆ ಆ ಕೈ ಎಲ್ಲಿಗೆ ಹೋಗುತ್ತೆ? ಗಾಜಿನ ಬಾಗಿಲ ಒಳಗೆ. ಇದರಲ್ಲಿ ಆ ಹುಡುಗಿಯ ತಪ್ಪಿಲ್ಲ. ವ್ಯವಸ್ಥೆ ಹಾಗಿದೆ.

ಉಚಿತ ಅಂದ್ರೆ ಎಷ್ಟು ಉಚಿತ ಅನ್ನೋದನ್ನೂ ಕೇಳಿ. ಮೊದಲ ಸಲ ಒರಟು ಅಳತೆ. ಎರಡನೇ ಸಲ ಸರಿಯಾದ ಅಳತೆ. ಮೂರನೇ ಸಲ ಮೇಣದ ದಿಮ್ಮಿ ಕಚ್ಚಿಸಿ ಮೇಲಿನ ದವಡೆ, ಕೆಳಗಿನ ದವಡೆ ಹೊಂದಿಸೋದು. ನಾಲ್ಕನೇ ಸಲ ಮೇಣದಲ್ಲೇ ಹಲ್ಲು ಕೂರಿಸಿ ನೋಡೋದು. ಐದನೇ ಸಲ ಸೆಟ್ ಕೈಗೆ. ಆಮೇಲೆ ಒತ್ತಿ ಹುಣ್ಣಾದ ಕಡೆ ತೇಯಿಸೋಕೆ ಮತ್ತೆ ಎರಡು ಸಲ. ಏಳು ದಿನ. ಜೊತೆಗೆ ಹೋಗ್ತಿದ್ದದ್ದು ನನ್ನ ತಂಗಿ, ಅವಳೂ ಪೌರಕಾರ್ಮಿಕಳು. ಶಕ್ತಿ ಯೋಜನೆಯಿಂದ ಬಸ್ಸಿಗೆ ದುಡ್ಡಿಲ್ಲ, ಸರಿ. ಹಾಜರಿ ಹಾಕದ ಏಳು ದಿನಕ್ಕೆ?

ಸೆಟ್ ಬಂದ ದಿನ ಅವ್ವ ಕನ್ನಡಿ ಮುಂದೆ ಕೂತು ಬಹಳ ಹೊತ್ತು ನೋಡಿಕೊಂಡಳು. "ಹಲ್ಲೇನೋ ಚೆಂದ ಐತೆ. ಈ ವಸಡು ಯಾರ್ದೋ?" ಅಂದಳು. ಅವಳ ವಸಡು ಕಪ್ಪು. ಸೆಟ್ಟಿನ ವಸಡು ಬಿಳಿಯರ ಬಾಯಿಗೆ ಅಂತ ಮಾಡಿದ ಗುಲಾಬಿ. ಕಪ್ಪು ವಸಡಿಗೆ ಹೊಂದುವ ಬಣ್ಣದಲ್ಲೂ ಮಾಡೋಕೆ ಬರುತ್ತೆ, ಅಗ್ಗದ ಸೆಟ್ಟಿಗೆ ಯಾರು ಅಷ್ಟು ತಲೆ ಕೆಡಿಸಿಕೊಳ್ತಾರೆ?

ಮೇಲಿನದ್ದು ಕೂತಿತು. ಕೆಳಗಿನದ್ದು ಕೂರಲೇ ಇಲ್ಲ. ಮಾತಾಡಿದರೆ ಎದ್ದು ಬರುತ್ತೆ, ಬಾಡು ಅಗಿದರೆ ಪಕ್ಕಕ್ಕೆ ಜಾರುತ್ತೆ. ಅಗಿಯೋಕೆ ಕಷ್ಟ ಅಂತ ಹೇಳಿದಾಗ ಸಿಕ್ಕ ಸಲಹೆ: "ಮೆತ್ತಗಿನದ್ದು ತಿನ್ನಿ. ಮೊಸರನ್ನ, ಬೇಳೆ, ಬಾಳೆಹಣ್ಣು." ಅವರಿಗೆ ಊಟ ಅಂದ್ರೆ ಅದು. ನಮ್ಮವ್ವನಿಗೆ ಊಟ ಅಂದ್ರೆ ಮೂಳೆ ಕಡಿಯೋದು, ಬೋಟಿ ಅಗಿಯೋದು, ಹುರಿದ ಕಡಲೆ, ಸೀಬೆಕಾಯಿ. ಹಲ್ಲಿನ ಜೊತೆ ಊಟವನ್ನೂ ಬದಲಾಯಿಸಿಕೋ ಅಂದ್ರೆ ಹೇಗೆ? ಬಾಯಲ್ಲಿ ಹಲ್ಲಿಲ್ಲದವಳಿಗೆ ಸದ್ದಿಲ್ಲದೆ ಸಸ್ಯಾಹಾರ ದೀಕ್ಷೆ ಕೊಟ್ಟ ಹಾಗಾಯ್ತು.

ಈಗ ಸೆಟ್ ಡಬ್ಬಿಯಲ್ಲಿದೆ. ಮದುವೆಗೆ, ಫೋಟೋಗೆ ಹಾಕ್ಕೊಳ್ತಾಳೆ. ಜಯಂತಿ ದಿನ ಮರೆತು ಬಂದಿದ್ದಳು. ಅದಕ್ಕೇ ಸೆರಗು.

*

ಕೆಳಗಿನ ಸೆಟ್ ಯಾಕೆ ಕೂರಲಿಲ್ಲ ಅನ್ನೋದನ್ನು ನನಗೆ ವಿವರಿಸಿದ್ದು ಅದೇ ಕಾಲೇಜಿನ ಒಬ್ಬ ಪಿಜಿ ಹುಡುಗ. ಹಲ್ಲು ಹೋದ ಕಡೆ ದವಡೆ ಮೂಳೆ ಕರಗ್ತಾ ಹೋಗುತ್ತೆ. ಮೊದಲ ವರ್ಷ ಬೇಗ ಬೇಗ, ಆಮೇಲೆ ನಿಧಾನ, ಆದರೆ ನಿಲ್ಲಲ್ಲ. ಮೇಲಿನ ಸೆಟ್ ಅಂಗುಳಿಗೆ ಅಂಟಿಕೊಂಡು ನಿಲ್ಲುತ್ತೆ. ಕೆಳಗೆ ಅಂಥ ಜಾಗ ಇಲ್ಲ, ನಡುವೆ ನಾಲಿಗೆ ಆಡ್ತಿರುತ್ತೆ. ಮೂಳೆಯ ದಿಬ್ಬ ಕರಗಿ ಸಮ ಆದ ಮೇಲೆ ಸೆಟ್ ತೇಲುತ್ತೆ. ಒಳ್ಳೆ ಫುಲ್ ಸೆಟ್ ಹಾಕಿದರೂ ಕಚ್ಚುವ ಬಲ ಸ್ವಂತ ಹಲ್ಲಿನ ಕಾಲು ಭಾಗದ ಆಸುಪಾಸು ಅಷ್ಟೇ.

ಆಮೇಲೆ ಆ ಹುಡುಗ ಒಂದು ಮಾತು ಕೇಳಿದ. "ಕೆಳಗೆ ಯಾವ ಹಲ್ಲೂ ಉಳಿದಿರ್ಲಿಲ್ವಾ ಸರ್?"

ಎರಡು ಕೋರೆಹಲ್ಲು ಇದ್ದವು ಅಂದೆ. ಅವನು ಸುಮ್ಮನಾದ. ಕೋರೆಹಲ್ಲಿನ ಬೇರು ಬಾಯಲ್ಲೇ ಉದ್ದದ್ದು, ಗಟ್ಟಿಯದ್ದು. ಅವು ನಿಲ್ಲುವಂತಿದ್ದಿದ್ದರೆ ರೂಟ್ ಕೆನಾಲ್ ಮಾಡಿ, ಗಿಡ್ಡಗೆ ಕತ್ತರಿಸಿ, ಮೇಲೆ ಸಣ್ಣ ಟೋಪಿ ಹಾಕಿ, ಅದರ ಮೇಲೆ ಸೆಟ್ ಕೂರಿಸಬಹುದಿತ್ತಂತೆ. ಬೇರಿದ್ದಷ್ಟು ದಿನ ಸುತ್ತಲಿನ ಮೂಳೆಯೂ ನಿಲ್ತಿತ್ತಂತೆ. ಇದು ಹೊಸ ವಿದ್ಯೆಯೇನಲ್ಲ, ಅವರ ಪಠ್ಯಪುಸ್ತಕದಲ್ಲೇ ಇದೆ.

ಆ ಎರಡು ಹಲ್ಲು ಉಳೀತಿದ್ದವೋ ಇಲ್ಲವೋ, ಯಾರೂ ಒಂದು ಎಕ್ಸ್‌ರೇ ತೆಗೆದು ನೋಡಲೇ ಇಲ್ಲ. 'ಪೂರ್ತಿ ಹೋದ್ರೆ ಫ್ರೀ' ಅನ್ನೋ ಮಾತಿಗೆ ಸರಿ ಅಂದವನು ನಾನು. ಹೇಳಲೇಬೇಕಾದದ್ದು ಇನ್ನೂ ಒಂದಿದೆ. 2016ರಲ್ಲಿ ನನ್ನ ಮುಂದಿನ ಒಂದು ಹಲ್ಲು ಹೋದಾಗ ನಾನು ಬ್ರಿಜ್ ಹಾಕಿಸಿಕೊಂಡೆ. ಸಂಬಳದ ಕೆಲಸ ಇತ್ತು. ವೇದಿಕೆ ಮೇಲೆ 'ಸಂವಿಧಾನ' ಅಂದ್ರೆ 'ಸ' ಸೀಟಿಯಾಗಿ ಹೋಗ್ತಿತ್ತು, ಜನ ನಗ್ತಾರೆ ಅಂತ ನಾಚಿಕೆ. ಆಗ ಅವ್ವನ ಬಾಯಲ್ಲಿ ಇನ್ನೂ ಏಳೆಂಟು ಹಲ್ಲಿದ್ದವು. ಅವಳದ್ದನ್ನು ಒಮ್ಮೆ ತೋರಿಸೋಣ ಅಂತ ನನಗೆ ಅನ್ನಿಸಲಿಲ್ಲ. ನನಗೆ ಹಲ್ಲು, ಅವಳಿಗೆ ಮುದ್ದೆ. ಈ ಶ್ರೇಣಿ ನಮ್ಮ ಮನೆಯೊಳಗೂ ಇತ್ತು ಸಂಗಾತಿಗಳೇ.

*

ಈಗ ಸರ್ಕಾರದ ವಿಷಯ.

2014-15ರ ಹೊತ್ತಿಗೆ ನಮ್ಮ ರಾಜ್ಯದಲ್ಲಿ ದಂತಭಾಗ್ಯ ಯೋಜನೆ ಬಂತು. ಬಿಪಿಎಲ್ ಕುಟುಂಬದ, 60 ದಾಟಿದ, ಹಲ್ಲಿಲ್ಲದ ಹಿರಿಯರಿಗೆ ಉಚಿತ ಸೆಟ್. ಆಮೇಲೆ ವಯಸ್ಸನ್ನು 45ಕ್ಕೆ ಇಳಿಸಿದರು. ಒಳ್ಳೆಯ ಕೆಲಸ, ಮಾಡಿದವರಿಗೆ ಕೃತಜ್ಞತೆ ಇದೆ. ಎಷ್ಟೋ ಅಜ್ಜ ಅಜ್ಜಿಯರು ಅದರಿಂದ ನಕ್ಕಿದ್ದಾರೆ. ಆದರೆ ಹೆಸರು ನೋಡಿ, 'ಭಾಗ್ಯ'. ಯಾರೋ ಕೊಟ್ಟದ್ದು, ಅದೃಷ್ಟದಲ್ಲಿ ಇದ್ದದ್ದು. ಅಗಿಯೋದು ಹಕ್ಕು ಸ್ವಾಮಿ, ಭಾಗ್ಯ ಅಲ್ಲ.

ಹಲ್ಲು ಹೋದ ಮೇಲೆ ಸೆಟ್ ಕೊಡುವ ಸರ್ಕಾರ ಹಲ್ಲು ಹೋಗದಂತೆ ಏನು ಕೊಡುತ್ತೆ? ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಅಂತ ಆಯುಷ್ಮಾನ್ ಭಾರತ್ ಕಾರ್ಡ್ ಇದೆಯಲ್ಲ, ಆ ಕೇಂದ್ರ ಯೋಜನೆಯ ನಿಯಮದಲ್ಲಿ ಹೊರಗಿಟ್ಟ ಚಿಕಿತ್ಸೆಗಳ ಪಟ್ಟಿ ತೆಗೆದು ಓದಿ. ಹುಳುಕು ತುಂಬಿಸೋದು ಹೊರಗೆ. ರೂಟ್ ಕೆನಾಲ್ ಹೊರಗೆ. ವಸಡಿನ ಕಾಯಿಲೆ ಹೊರಗೆ. ಇಂಪ್ಲಾಂಟ್ ಹೊರಗೆ. ಅಪಘಾತ, ಗೆಡ್ಡೆ, ಅಂಥದ್ದಕ್ಕೆ ಮಾತ್ರ ವಿನಾಯಿತಿ. ಅಂದ್ರೆ ಹೃದಯಕ್ಕೆ ಸ್ಟೆಂಟ್ ಹಾಕ್ತಾರೆ, ಮಂಡಿಗೆ ಚಿಪ್ಪು ಹಾಕ್ತಾರೆ, ಬಾಯಿ ಮಾತ್ರ ಮೈಯ ಭಾಗ ಅಲ್ಲ. ಒಂದು ಕಡೆ ಉಳಿಸೋಕೆ ದುಡ್ಡಿಲ್ಲ, ಇನ್ನೊಂದು ಕಡೆ ಪೂರ್ತಿ ಕಳ್ಕೊಂಡವರಿಗೆ ಉಡುಗೊರೆ. ಈ ಎರಡರ ನಡುವೆ ಸಿಕ್ಕ ಬಾಯಿಗೆ ಉಳಿಯೋದು ಇಕ್ಕಳ ಒಂದೇ.

ಕೆಳದವಡೆಗೆ ಬೇರೆ ದಾರಿ ಇಲ್ಲ ಅಂತಲೂ ಅಲ್ಲ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಒಂದು ಒಮ್ಮತಕ್ಕೆ ಬಂದರು. ಪೂರ್ತಿ ಹಲ್ಲಿಲ್ಲದ ಕೆಳದವಡೆಗೆ ಬರೀ ಸೆಟ್ ಇನ್ನು ಮೊದಲ ಆಯ್ಕೆ ಅಲ್ಲ, ಎರಡು ಇಂಪ್ಲಾಂಟ್ ಹಾಕಿ ಅದರ ಮೇಲೆ ಗುಂಡಿ ಒತ್ತಿದ ಹಾಗೆ ಸೆಟ್ ಕೂರಿಸೋದೇ ಮೊದಲ ಆಯ್ಕೆ ಆಗಬೇಕು ಅಂತ. ಇಪ್ಪತ್ತೆಂಟು ಇಂಪ್ಲಾಂಟ್ ಕೇಳ್ತಿಲ್ಲ. ಎರಡು. ಜಗತ್ತು 2002ರಲ್ಲೇ ದಾಟಿಬಂದ ಮೆಟ್ಟಿಲಲ್ಲಿ ನಮ್ಮನ್ನು ಕೂರಿಸಿ 'ಫ್ರೀ ಅಲ್ವಾ' ಅಂತಾರೆ. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದಂತೆ. ನಾವು ನೋಡ್ತೀವಿ. ಅದು ದಾನ ಅಲ್ಲ, ನಮ್ಮದೇ ದುಡಿಮೆಯ ತೆರಿಗೆ.

ಹಲ್ಲಿಗೂ ಜಾತಿಗೂ ಏನು ಸಂಬಂಧ ಅನ್ನೋರಿಗೆ ಒಂದು ಹಳೇ ಲೆಕ್ಕಪುಸ್ತಕದ ವಿಷಯ ಹೇಳ್ತೀನಿ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ಗೆ ಹಲ್ಲಿರಲಿಲ್ಲ, ಮರದ ಸೆಟ್ ಹಾಕ್ತಿದ್ದ ಅಂತ ಕತೆ ಇದೆ. ಮರ ಅನ್ನೋದು ಸುಳ್ಳು. ದಂತ, ಲೋಹ, ಪ್ರಾಣಿ ಹಲ್ಲು, ಮನುಷ್ಯರ ಹಲ್ಲು ಸೇರಿಸಿ ಮಾಡಿದ್ದವು. 1784ರ ಅವನ ಎಸ್ಟೇಟಿನ ಲೆಕ್ಕದಲ್ಲಿ ನೀಗ್ರೋಗಳಿಂದ ಒಂಬತ್ತು ಹಲ್ಲಿಗೆ 122 ಶಿಲ್ಲಿಂಗ್ ಕೊಟ್ಟ ನಮೂದಿದೆ. ಬಹುಶಃ ಅವನದ್ದೇ ತೋಟದ ಗುಲಾಮರು. ಇವತ್ತು ನಮ್ಮ ಹಲ್ಲನ್ನು ಯಾರೂ ಕೊಳ್ಳಲ್ಲ. ಆದರೆ ಯಾರ ಬಾಯಿ ತುಂಬಬೇಕು, ಯಾರದ್ದು ಖಾಲಿ ಇರಬೇಕು ಅಂತ ತೀರ್ಮಾನ ಮಾಡೋರು ಬೇರೆ ಆಗಿದ್ದಾರಾ?

*

ಕಡ್ಡಿಪುಡಿ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ನಮ್ಮ ಜೊತೆ ಚಳವಳಿಯಲ್ಲಿದ್ದ ಒಬ್ಬ ಅಣ್ಣನಿಗೆ ಮೇಲ್ದವಡೆ ಕ್ಯಾನ್ಸರ್ ಆಗಿ ಕಿದ್ವಾಯಿಯಲ್ಲಿ ಆಪರೇಷನ್ ಆಯ್ತು. ಅಂಗುಳಿನ ಅರ್ಧ ತೆಗೆದರು. ನೀರು ಕುಡಿದರೆ ಮೂಗಿನಿಂದ ಬರ್ತಿತ್ತು, ಮಾತು ಒಂದೂ ಅರ್ಥ ಆಗ್ತಿರಲಿಲ್ಲ. ಆಮೇಲೆ ಆ ತೂತು ಮುಚ್ಚುವ ಹಾಗೆ ಹಲ್ಲಿನ ಸೆಟ್ಟಿಗೇ ಒಂದು ಗುಬುಟು ಸೇರಿಸಿ ಮಾಡಿಕೊಟ್ಟರು. ಆಬ್ಚುರೇಟರ್ ಅಂತಾರೆ. ಅದನ್ನು ಹಾಕ್ಕೊಂಡು ಮೊದಲು ಕಾಫಿ ಕುಡಿದ, ಆಮೇಲೆ ನನ್ನ ಹೆಸರು ಹಿಡಿದು ಕರೆದ. ಕಟ್ಟಿಸಿದ ಹಲ್ಲು ಶೋಕಿ ಅಂದುಕೊಂಡವರು ಅಂಥ ಒಬ್ಬರ ಪಕ್ಕ ಕೂತು ಒಂದು ಲೋಟ ನೀರು ಕುಡಿಯೋದನ್ನು ನೋಡಬೇಕು. 2013ರಲ್ಲೇ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಯ್ತು. ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿ ಮಾಡಿ ಅದೇ ಅಂಗಡಿಯಲ್ಲಿ ಮಾರ್ತಾರೆ. ನಮ್ಮ ಹುಡುಗರು ಬಿಡಬೇಕು, ಇವತ್ತೇ ಬಿಡಬೇಕು. ಅದು ನಮ್ಮ ಕೆಲಸ. ಉಳಿದದ್ದು ಸರ್ಕಾರದ್ದು.

ನಮ್ಮ ಚಳವಳಿಗೂ ಒಂದು ಮಾತು. ಖಾಯಮಾತಿ, ಸಂಬಳ, ಗ್ಲೌಸ್, ಬೂಟು, ಮನೆ, ಎಲ್ಲಾ ಕೇಳಿದ್ದೀವಿ. ನಮ್ಮ ಯಾವ ಹಕ್ಕೊತ್ತಾಯ ಪತ್ರದಲ್ಲಿ ಹಲ್ಲಿದೆ? ಹೋದ ತಿಂಗಳು ನಾನು ಸೇರಿಸೋಣ ಅಂದಾಗ ಸಭೆಯಲ್ಲಿ ನಕ್ಕರು. ನಕ್ಕವರಲ್ಲಿ ಇಬ್ಬರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಹಲ್ಲು ಕಚ್ಚಿಕೊಂಡು ಬದುಕು ಅಂತ ನಮಗೆ ಹೇಳಿಕೊಟ್ಟರು, ಕಚ್ಚೋಕೆ ಹಲ್ಲು ಉಳಿಸಲಿಲ್ಲ. ಎದುರು ಮಾತಾಡಿದರೆ ಹಲ್ಲು ಉದುರಿಸ್ತೀನಿ ಅಂದರು. ಉದುರಿಸೋ ಕಷ್ಟವನ್ನೂ ಅವರು ತಗೊಳ್ಳಬೇಕಾಗಲಿಲ್ಲ.

ಈ ಸಲದ ಪತ್ರಕ್ಕೆ ಐದು ಸಾಲು ಸೇರಿಸಬೇಕು ಅಂತ ನನ್ನ ಒತ್ತಾಯ:

1. ರೂಟ್ ಕೆನಾಲ್, ಹುಳುಕು ತುಂಬಿಸೋದು, ಕನಿಷ್ಠ ಲೋಹದ ಕ್ಯಾಪ್ ಬಡವರ ಆರೋಗ್ಯ ಕಾರ್ಡಿನ ಒಳಗೆ ಬರಬೇಕು.

2. ಉಚಿತ ಸೆಟ್ಟಿಗೋಸ್ಕರ ಉಳಿದ ಹಲ್ಲು ಕೀಳುವ ಮುಂಚೆ ಎಕ್ಸ್‌ರೇ ಕಡ್ಡಾಯ. ಉಳಿಸಬಹುದಾದ ಹಲ್ಲನ್ನು ಉಳಿಸಿ ಅದರ ಮೇಲೆ ಸೆಟ್ ಮಾಡಬೇಕು.

3. ಮೂಳೆ ಕರಗಿದ ಕೆಳದವಡೆಗೆ ಎರಡು ಇಂಪ್ಲಾಂಟ್, ಅದರ ಮೇಲೆ ಸೆಟ್.

4. ಪೌರಕಾರ್ಮಿಕರಿಗೆ, ಜೊತೆಗೆ ಹೋಗುವವರಿಗೆ, ಸೆಟ್ಟಿನ ಪ್ರತಿ ಭೇಟಿಗೂ ಸಂಬಳ ಸಹಿತ ರಜೆ.

5. ಪಾವಗಡದಂಥ ಫ್ಲೋರೈಡ್ ತಾಲೂಕುಗಳ ಪ್ರತಿ ಹಟ್ಟಿಗೂ ಶುದ್ಧ ನೀರು, ಅಲ್ಲಿ ಬೆಳೆದವರ ಹಲ್ಲಿಗೆ ಸರ್ಕಾರದ್ದೇ ಖರ್ಚಿನಲ್ಲಿ ಚಿಕಿತ್ಸೆ.

ಅಲ್ಲಿವರೆಗೆ ನಾವು ಮಾಡಬಹುದಾದದ್ದು. ಹಲ್ಲು ನೋವು ಅಂದ ತಕ್ಷಣ ಕೀಳಿಸಬೇಡಿ, "ಉಳಿಸೋಕೆ ಆಗುತ್ತಾ?" ಅಂತ ಮೊದಲು ಕೇಳಿ. ಕೋಟೆ ಹತ್ತಿರ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ನಮ್ಮ ಕಡೆ ಜೆ.ಪಿ. ನಗರದಲ್ಲಿ, ಕುಮಾರಸ್ವಾಮಿ ಲೇಔಟಿನಲ್ಲಿ, ಬೊಮ್ಮನಹಳ್ಳಿಯಲ್ಲಿ, ವಿ.ವಿ. ಪುರಂನಲ್ಲಿ ಖಾಸಗಿ ಡೆಂಟಲ್ ಕಾಲೇಜುಗಳಿವೆ. ಕ್ಲಿನಿಕ್ಕಿಗಿಂತ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖರ್ಚು ಬಹಳ ಕಡಿಮೆ, ಹೊತ್ತು ಜಾಸ್ತಿ ಹಿಡಿಯುತ್ತೆ. ಬಿಪಿಎಲ್ ಕಾರ್ಡ್, ಆಧಾರ್ ತಗೊಂಡು ಹೋಗಿ. ಒಬ್ಬೊಬ್ಬರೇ ಹೋಗಬೇಡಿ, ಐದಾರು ಜನ ಸೇರಿ ಹೋಗಿ, ಓದಿದ ಒಬ್ಬರು ಜೊತೆಗಿರಲಿ. ಸೆಟ್ ಇರುವವರು ರಾತ್ರಿ ತೆಗೆದು ನೀರಲ್ಲಿಡಿ, ಬಿಸಿನೀರು ಬೇಡ, ಬಗ್ಗಿಹೋಗುತ್ತೆ. ತೊಳೆಯುವಾಗ ಕೆಳಗೆ ನೀರಿನ ಬೇಸಿನ್ ಇಟ್ಟುಕೊಳ್ಳಿ, ಕೈಜಾರಿದರೂ ಮುರಿಯಲ್ಲ. ಹುಣ್ಣಾದರೆ ನೀವೇ ಬ್ಲೇಡಿನಲ್ಲಿ ಕೆರೆಯಬೇಡಿ, ಮತ್ತೆ ಹೋಗಿ ತೇಯಿಸಿ. ಅದು ಭಿಕ್ಷೆ ಅಲ್ಲ, ಚಿಕಿತ್ಸೆಯ ಭಾಗ. ಮೂರು ವಾರಕ್ಕೂ ವಾಸಿಯಾಗದ ಹುಣ್ಣಿದ್ದರೆ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ತೋರಿಸಿ.

ಡಾಕ್ಟರ್ ಗೆಳೆಯರೇ, ನಿಮಗೂ ಒಂದು ಕೆಲಸ ಇದೆ. ಮುಂದಿನ ಭಾನುವಾರ ನಮ್ಮ ಕೇರಿಗೆ ಬನ್ನಿ. ಪುಕ್ಕಟೆ ಬ್ರಷ್ ಹಂಚೋಕಲ್ಲ. ಹನ್ನೊಂದು ಜನರ ಬಾಯಿ ನೋಡಿ, ಯಾವ ಹಲ್ಲು ಇನ್ನೂ ಉಳಿಸಬಹುದು ಅಂತ ಒಂದೊಂದು ಚೀಟಿ ಬರೆದುಕೊಡಿ. ಆ ಚೀಟಿಗಳನ್ನು ಪತ್ರದ ಜೊತೆ ಲಗತ್ತಿಸಿ ಸರ್ಕಾರಕ್ಕೆ ಕೊಡ್ತೀವಿ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಗಾದೆ. ಕಡಲೆಯನ್ನು ನಮ್ಮವರು ಹೋರಾಡಿ ತಂದಿದ್ದಾರೆ. ಹಲ್ಲನ್ನೂ ತರೋಣ. ಮುಂದಿನ ಏಪ್ರಿಲ್ 14ಕ್ಕೆ ಅದೇ ಹನ್ನೊಂದು ಜನರ ಫೋಟೋ ಮತ್ತೆ ತೆಗೀತೀನಿ.

ಜೈಭೀಮ್.